ಮಸಿಯೂ ಮಿನುಗೂ

ಬಣ್ಣ ವೇಷಗಳ ‘ಗ್ಲಾಮ್ ರಾಕ್’ ಸಂಗೀತ ಮೆರೆದ 1970ರ ದಶಕದ ಆರಂಭದ, ಬ್ರಿಟನ್ನಿನ ‘ಮೆಲೋಡಿ ಮೇಕರ್’ ಎಂಬ ಸಂಗೀತ ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆರೆದಾಗಲೆಲ್ಲ ನಾನು ಮೊದಲು ನೋಡುವುದು ಅದರ ಹಿಂಬದಿಯ ಪುಟಗಳನ್ನು. ಮುಖಪುಟದ ತಾರೆ ಯಾರು, ನಡುಪುಟದ ಸಂದರ್ಶನ ಯಾರದು ಎಂಬುದೆಲ್ಲ ಆಮೇಲೆ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಡ್ರಮ್ಮರ್ ಬೇಕು, ಗಿಟಾರ್ ನುಡಿಸುವವರು ಬೇಕು ಎಂಬ ಜಾಹೀರಾತುಗಳಿರುತ್ತವೆ. ಲಂಡನ್ನಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಕುಂಬಾರಿಕೆ ಕಲಿಸುತ್ತಿದ್ದ ಬ್ರಯನ್ ಫೆರಿ, ತಾನು ಕಟ್ಟಬೇಕೆಂದಿದ್ದ ತಂಡಕ್ಕೆ ಕೀಬೋರ್ಡ್ ನುಡಿಸುವವರು ಬೇಕೆಂದು ಕೊಟ್ಟ ಜಾಹೀರಾತು ಬಂದದ್ದು ಇಂಥದೇ ಒಂದು ಪುಟದಲ್ಲಿ. ಅದನ್ನು ಓದಿ ಬಂದ ಆಂಡಿ ಮೆಕೇ ನುಡಿಸುತ್ತಿದ್ದದ್ದು ಸ್ಯಾಕ್ಸೋಫೋನ್ ಮತ್ತು ಓಬೋ. ಆದರೆ ಅವನ ಬಳಿ ಒಂದು ಸಿಂಥಸೈಜರ್ ಇತ್ತು, ಅದನ್ನು ಆಡಿಸಬಲ್ಲ ಬ್ರಯನ್ ಈನೋ ಎಂಬ ಪರಿಚಯದವನೂ ಇದ್ದ. ಗಿಟಾರಿಗೆ ಫಿಲ್ ಮಾಂಜನೆರಾ ಬಂದದ್ದೂ ಜಾಹೀರಾತು ನೋಡಿಯೇ. ಅವನನ್ನು ಮೊದಲ ಸಲ ಬೇಡವೆಂದು ಕಳಿಸಿ, ಕೆಲವು ತಿಂಗಳ ಮೇಲೆ ಮತ್ತೆ ಕರೆಸಿಕೊಂಡರು. ಹೀಗೆ ಕೂಡಿಕೊಳ್ಳುತ್ತಿದ್ದ ‘ರಾಕ್ಸಿ ಮ್ಯೂಸಿಕ್’ ತಂಡದೊಡನೆ ಯಾವ ಕಂಪನಿಯೂ ಇನ್ನೂ ಕರಾರು ಮಾಡಿಕೊಂಡಿರದಿದ್ದಾಗ, ಅದೇ ಪತ್ರಿಕೆಯ ರಿಚರ್ಡ್ ವಿಲಿಯಮ್ಸ್ ಅವರ ಟೇಪು ಕೇಳಿ 1971ರಲ್ಲಿ ಬರೆದ. 1972ರ ಜೂನ್‌ನಲ್ಲಿ ಅವರ ಮೊದಲ ಎಲ್‌ಪಿ, ಅಂದರೆ ಹಲವು ಹಾಡುಗಳ ದೊಡ್ಡ ತಟ್ಟೆ, ಬಂತು, ಆಗಸ್ಟ್‌ನಲ್ಲಿ ‘ವರ್ಜೀನಿಯಾ ಪ್ಲೇನ್’ ಎಂಬ ಸಿಂಗಲ್, ಅಂದರೆ ಒಂದು ಮುಖ್ಯ ಹಾಡಿನ ಚಿಕ್ಕ ತಟ್ಟೆ, ಬಂದು ಮಾರಾಟದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು.

ಗಾಯಕ ಎಲ್ಟನ್ ಜಾನ್‌ನ ಕಥೆಯೂ ಬೇರೆಯಲ್ಲ. ಸಂಗೀತ ಹಾಕುವವರನ್ನೂ ಸಾಹಿತ್ಯ ಬರೆಯುವವರನ್ನೂ ಹುಡುಕುತ್ತಿದ್ದ ರೆಕಾರ್ಡ್ ಕಂಪನಿಯೊಂದು 1967ರಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ, ಅಂದರೆ ಎಲ್ಲರೂ ಎನ್‌ಎಂಇ ಎನ್ನುವ ಪತ್ರಿಕೆಯಲ್ಲಿ, ಕೊಟ್ಟ ಜಾಹೀರಾತಿಗೆ ಅವನೂ ಬರೆದಿದ್ದ, ಮುಂದೆ ಅವನ ಹಾಡುಗಳಿಗೆ ಸಾಹಿತ್ಯ ಬರೆದ ಬರ್ನಿ ಟಾಪಿನ್ ಎಂಬ ಹುಡುಗನೂ ಬರೆದಿದ್ದ. ಪತ್ರಿಕೆ ಕಾಲದ ಕನ್ನಡಿ ಎಂದು ಹೇಳುವ ರೂಢಿ ನಮ್ಮಲ್ಲಿದೆ. ಈ ಪತ್ರಿಕೆಗಳನ್ನು ನೋಡುವಾಗ ನನಗೆ ಕನ್ನಡಿಗಿಂತ ಯಕ್ಷಗಾನದ ಚೌಕಿ ನೆನಪಾಗುತ್ತದೆ. ವೇಷಗಳು ತಯಾರಾದದ್ದೇ ಅಲ್ಲಿ.

ನನಗೆ ಗ್ಲಾಮ್ ಸಂಗೀತ ಪರಿಚಯವಾದದ್ದು ಬಹಳ ತಡವಾಗಿ, ಬೆಂಗಳೂರಿನ ಹಾಸ್ಟೆಲ್ ಕೋಣೆಯಲ್ಲಿ, ಗೆಳೆಯನೊಬ್ಬ ಯಾರಿಂದಲೋ ನಕಲು ಮಾಡಿಸಿಕೊಂಡು ತಂದಿದ್ದ ಕ್ಯಾಸೆಟ್ಟಿನಿಂದ. ಬಾಲ್‌ಪೆನ್ನಿನಲ್ಲಿ ಬರೆದ ಹಾಡುಗಳ ಹೆಸರಲ್ಲದೆ ಅದರ ಮೇಲೆ ಬೇರೇನೂ ಇರಲಿಲ್ಲ. ಟಿ. ರೆಕ್ಸ್‌ನ ‘ಗೆಟ್ ಇಟ್ ಆನ್’ ಮುಗಿದರೆ ಡೇವಿಡ್ ಬೋವಿ, ಬೋವಿ ಮುಗಿದರೆ ಸ್ವೀಟ್, ಅದರ ಬೆನ್ನಿಗೆ ಸ್ಲೇಡ್. ಇವುಗಳಲ್ಲಿ ಯಾವುದು ಕಲೆ, ಯಾವುದು ಸಂತೆಯ ಸರಕು ಎಂದು ಹೇಳಿಕೊಡುವವರು ನಮಗೆ ಯಾರೂ ಸಿಕ್ಕಿರಲಿಲ್ಲ. ನಮಗಿಂತ ಹಿಂದಿನವರಿಗಾದರೂ ಕಲ್ಕತ್ತೆಯಿಂದ ಬರುತ್ತಿದ್ದ ‘ಜೂನಿಯರ್ ಸ್ಟೇಟ್ಸ್‌ಮನ್’ ಇತ್ತು. ಅದು 1977ರಲ್ಲೇ ನಿಂತುಹೋಗಿತ್ತು. ಬ್ರಿಟನ್ನಿನ ಹುಡುಗರಿಗೆ ಹಾಡೂ ಹಾಡಿನ ಬಗೆಗಿನ ತೀರ್ಪೂ ಒಂದೇ ವಾರದಲ್ಲಿ ಮನೆಗೆ ಬಂದಿದ್ದವು. ನನಗೆ ಹಾಡು ಮೊದಲು ಬಂತು, ತೀರ್ಪು ಇಪ್ಪತ್ತು ವರ್ಷ ಬಿಟ್ಟು ಬಂತು. ಹೀಗಾಗಿ ಆ ತೀರ್ಪುಗಳನ್ನು ಓದುವಾಗ ನನಗಾಗುವ ಬೆರಗು ಸ್ವಲ್ಪ ಬೇರೆ ಬಗೆಯದು.

ಆಗಿನ ಪತ್ರಿಕಾ ಲೋಕ ಹೀಗಿತ್ತು. 1926ರಲ್ಲಿ ನೃತ್ಯತಂಡಗಳ ವಾದ್ಯಗಾರರಿಗಾಗಿ ಹುಟ್ಟಿದ ಮೆಲೋಡಿ ಮೇಕರ್ ಎಲ್ಲರಿಗೂ ಹಿರಿಯಣ್ಣ. ಜಾಝ್ ಸಂಗೀತದ ಗಾಂಭೀರ್ಯವನ್ನು ಅದು ರಾಕ್ ಸಂಗೀತಕ್ಕೂ ದಾಟಿಸಿಕೊಂಡಿತ್ತು. 1952ರ ನವೆಂಬರ್‌ನಲ್ಲಿ ಬ್ರಿಟನ್ನಿನ ಮೊತ್ತಮೊದಲ ಸಿಂಗಲ್ಸ್ ಪಟ್ಟಿಯನ್ನು ಅಚ್ಚು ಮಾಡಿದ ಹೆಗ್ಗಳಿಕೆ ಎನ್‌ಎಂಇಯದು. ‘ಡಿಸ್ಕ್’, ‘ರೆಕಾರ್ಡ್ ಮಿರರ್’ ಇದ್ದವು. ಮೆಲೋಡಿ ಮೇಕರ್ ಬಿಟ್ಟು ಹೊರಟವರು 1970ರ ಅಕ್ಟೋಬರ್‌ನಲ್ಲಿ ‘ಸೌಂಡ್ಸ್’ ಆರಂಭಿಸಿದ್ದರು. ಓದಿ ಮುಗಿಸುವಷ್ಟರಲ್ಲಿ ಬೆರಳಿಗೆ ಮಸಿ ಮೆತ್ತುವ ಅಗ್ಗದ ಕಾಗದದ ಪತ್ರಿಕೆಗಳು ಇವು. ಅವುಗಳ ಒಳಗೊಂದು ವರ್ಣಾಶ್ರಮ ಧರ್ಮವಿತ್ತು. ಎಲ್‌ಪಿ ಮೇಲು, ಸಿಂಗಲ್ ಕೀಳು. ಲೆಡ್ ಝೆಪೆಲಿನ್ ತಂಡ ಆ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಸಿಂಗಲ್ ಬಿಡುಗಡೆ ಮಾಡುವುದನ್ನೇ ಒಲ್ಲೆನೆಂದಿತ್ತು, ಅದು ಮಡಿವಂತಿಕೆಯ ಲಕ್ಷಣವೂ ಆಗಿತ್ತು. ಎಲ್‌ಪಿಗೆ ಅರ್ಧ ಪುಟದ ಮೀಮಾಂಸೆ ಸಿಕ್ಕರೆ, ಏಳು ಇಂಚಿನ ತಟ್ಟೆಗಳ ರಾಶಿಯನ್ನು ಒಬ್ಬನೇ ವಿಮರ್ಶಕ ಒಂದೇ ಪಟ್ಟಿಗೆ ಕುಳಿತು ಕೇಳಿ ತಲಾ ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುತ್ತಿದ್ದ. ನಾನೀಗ ಐವತ್ತು ವರ್ಷಗಳ ಆಚೆ ಕುಳಿತು ಆ ನಾಲ್ಕು ಸಾಲುಗಳನ್ನು ನೋಡಿ ನಗುವುದು ಸುಲಭ. ಸಂಜೆಯೊಳಗೆ ಮೂವತ್ತು ಹಾಡುಗಳಿಗೆ ಷರಾ ಬರೆಯುವ ಕೆಲಸವನ್ನು ನನಗೆ ಕೊಟ್ಟಿದ್ದರೆ ನಾನೂ ಮೂವತ್ತು ಕಡೆ ಎಡವುತ್ತಿದ್ದೆ.

ಈ ಮೇಲು ಕೀಳಿನ ಲೆಕ್ಕಾಚಾರವನ್ನು ಮೊದಲು ಕಲಕಿದವನು ಮಾರ್ಕ್ ಬೋಲನ್. ಅವನು ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಗಿಟಾರ್ ಮತ್ತು ಬಾಂಗೋಗಳ ಜೊತೆಯಲ್ಲಿ ಯಕ್ಷಕಿನ್ನರರ ಬಗ್ಗೆ ಹಾಡುತ್ತಿದ್ದ ‘ಟಿರಾನೊಸಾರಸ್ ರೆಕ್ಸ್’ ಎಂಬ ಇಬ್ಬರ ತಂಡದವನು, ಬಿಬಿಸಿ ರೇಡಿಯೊದ ಜಾನ್ ಪೀಲ್‌ನ ಅಚ್ಚುಮೆಚ್ಚಿನವನು. 1970ರಲ್ಲಿ ಅವನು ತಂಡದ ಹೆಸರನ್ನು ‘ಟಿ. ರೆಕ್ಸ್’ ಎಂದು ಮೊಟಕು ಮಾಡಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದು ‘ರೈಡ್ ಎ ವೈಟ್ ಸ್ವಾನ್’ ಎಂಬ ಎರಡೂ ಚಿಲ್ಲರೆ ನಿಮಿಷದ ಹಾಡು ಮಾಡಿದ; ಅದು 1971ರ ಜನವರಿಯಲ್ಲಿ ಎರಡನೆಯ ಸ್ಥಾನಕ್ಕೆ ಹೋಯಿತು. ಮೊದಲ ಸ್ಥಾನವನ್ನು ಅದಕ್ಕೆ ತಪ್ಪಿಸಿದ್ದು ಅಜ್ಜನ ಮೇಲಿನ ಒಂದು ತಮಾಷೆಯ ಹಾಡು ಎಂಬುದನ್ನು ಸೇರಿಸಿ ಹೇಳದಿದ್ದರೆ ಆ ಪಟ್ಟಿಯ ಸ್ವಭಾವ ಓದುಗರಿಗೆ ತಿಳಿಯಲಾರದು. ಮುಂದಿನ ‘ಹಾಟ್ ಲವ್’ ಆರು ವಾರ ಮೊದಲ ಸ್ಥಾನದಲ್ಲಿತ್ತು. ಆ ಹಾಡಿಗೆ ‘ಟಾಪ್ ಆಫ್ ದ ಪಾಪ್ಸ್’ ಟಿವಿ ಕಾರ್ಯಕ್ರಮಕ್ಕೆ ಹೋಗುವ ಮುನ್ನ ಚೆಲಿಟಾ ಸೆಕುಂಡಾ ಎಂಬಾಕೆ ಅವನ ಕಣ್ಣಿನ ಕೆಳಗೆ ಮಿನುಗುವ ಪುಡಿಯ ಎರಡು ಚುಕ್ಕೆ ಇಟ್ಟಳು ಎಂಬಲ್ಲಿಂದ ಗ್ಲಾಮ್ ರಾಕ್‌ನ ಸ್ಥಳಪುರಾಣ ಶುರುವಾಗುತ್ತದೆ. ‘ಗೆಟ್ ಇಟ್ ಆನ್’, ‘ಟೆಲಿಗ್ರಾಂ ಸ್ಯಾಮ್’, ‘ಮೆಟಲ್ ಗುರು’ ಒಂದರ ಹಿಂದೊಂದು ಮೊದಲ ಸ್ಥಾನ ಕಂಡವು. ‘ಗೆಟ್ ಇಟ್ ಆನ್’ ಜಾನ್ ಪೀಲ್‌ಗೆ ಹಿಡಿಸಲಿಲ್ಲ. ಗೆಳೆತನವೂ ಅಲ್ಲಿಗೆ ತಣ್ಣಗಾಯಿತು. ಹಳೆಯ ಅಭಿಮಾನಿಗಳ ದೃಷ್ಟಿಯಲ್ಲಿ ಬೋಲನ್ ತನ್ನನ್ನು ಮಾರಿಕೊಂಡವನು. 1972ರ ಮಾರ್ಚ್‌ನಲ್ಲಿ ವೆಂಬ್ಲಿಯ ಎಂಪೈರ್ ಪೂಲ್‌ನಲ್ಲಿ ಅವನ ಕಾರ್ಯಕ್ರಮ ನಡೆದಾಗ, ಕಿರುಚುವ ಹುಡುಗಿಯರ ನಡುವೆ ಕ್ಯಾಮೆರಾ ಹಿಡಿದು ಚಿತ್ರೀಕರಿಸುತ್ತಿದ್ದವನು ಬೀಟಲ್ಸ್‌ನ ರಿಂಗೋ ಸ್ಟಾರ್.

ಆ ಕಿರುಚಾಟವೇ ವಿಮರ್ಶಕರಿಗೆ ತೊಡಕಾಗಿತ್ತು. ಗ್ಲಾಮ್ ಎಂಬುದು ಬಣ್ಣದ ಕಲೆ: ಬೆಳ್ಳಿಯ ಬೂಟು, ಕಿತ್ತಳೆ ಕೂದಲು, ಸ್ಯಾಟಿನ್ ಅಂಗಿ. ಆದರೆ ಈ ವಾರಪತ್ರಿಕೆಗಳ ಒಳಪುಟಗಳು ಬಹುಮಟ್ಟಿಗೆ ಕಪ್ಪು-ಬಿಳುಪು. ಬೋಲನ್‌ನ ಬಣ್ಣದ ಚಿತ್ರ ಬೇಕೆಂದರೆ ‘ಜಾಕಿ’ಯಂಥ, ಶಾಲೆಗೆ ಹೋಗುವ ಹುಡುಗಿಯರ ಪತ್ರಿಕೆಯ ನಡುಪುಟವನ್ನು ಬಿಡಿಸಿ ಗೋಡೆಗೆ ಅಂಟಿಸಬೇಕಾಗಿತ್ತು. ಹೀಗೆ ಬಣ್ಣ ಹುಡುಗಿಯರ ಪಾಲಿಗೆ, ಮಸಿ ಹುಡುಗರ ಪಾಲಿಗೆ ಬಂತು. ಮಸಿಯ ಕಡೆಯವರು ಬಣ್ಣದ ಕಡೆಯವರನ್ನು ಕಂಡರೆ ಮೂಗು ಮುರಿದರು. ಗ್ಲಾಮ್‌ನ ಬಗೆಗೆ ಆಗ ಬರೆದದ್ದರಲ್ಲಿ ಸಂಗೀತದ ವಿಮರ್ಶೆಗಿಂತ ಹೆಚ್ಚಾಗಿ, ಕೇಳುವವರು ಯಾರು ಎಂಬುದರ ವಿಮರ್ಶೆಯೇ ಕಾಣುತ್ತದೆಯೆಂದು ನನಗೆ ಅನ್ನಿಸಿದೆ. ಅದರ ಜೊತೆಗೆ ಪ್ರಾಮಾಣಿಕತೆಯ ಪ್ರಶ್ನೆ ಬೇರೆ. ಕಲಾವಿದ ತನ್ನ ಒಳಗಿನದನ್ನೇ ಹಾಡಬೇಕು, ಮುಖಕ್ಕೆ ಬಣ್ಣ ಬಳಿದುಕೊಂಡವನು ಸುಳ್ಳ ಎಂಬ ನಂಬಿಕೆ ಆ ಕಾಲದ ರಾಕ್ ವಿಮರ್ಶೆಯಲ್ಲಿ ಗಟ್ಟಿಯಾಗಿತ್ತು. ವೇಷ ಎಂಬ ಮಾತನ್ನು ಗೌರವದಿಂದ ಆಡುವ ಊರಿನಿಂದ ಬಂದ ನನಗೆ ಇದು ವಿಚಿತ್ರವಾಗಿ ತೋರುತ್ತದೆ. ಮಹಿಷಾಸುರ ರಂಗಸ್ಥಳಕ್ಕೆ ಬಂದಾಗ, ನೀನು ಮನಸ್ಸಿನೊಳಗೂ ಕೋಣನೇ ಹೌದೋ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಬೋಲನ್‌ಗೂ ಬೋವಿಗೂ ಪತ್ರಿಕೆ ಎಂಬುದೂ ಒಂದು ರಂಗಸ್ಥಳವೇ ಎಂಬುದು ಹಾಡು ಕಲಿಯುವುದಕ್ಕಿಂತ ಮೊದಲೇ ತಿಳಿದಿತ್ತು. ಇಬ್ಬರೂ 1947ರಲ್ಲಿ ಹುಟ್ಟಿದವರು. ಮಾರ್ಕ್ ಫೆಲ್ಡ್ ಎಂಬ ಹುಟ್ಟುಹೆಸರಿನ ಬೋಲನ್, ಹದಿನೈದು ತುಂಬುವ ಹೊತ್ತಿಗೆ, 1962ರ ಸೆಪ್ಟೆಂಬರ್‌ನ ‘ಟೌನ್’ ಪತ್ರಿಕೆಯಲ್ಲಿ ಠಾಕುಠೀಕಾಗಿ ಸೂಟು ತೊಟ್ಟ ಹುಡುಗರ ಬಗೆಗಿನ ಲೇಖನವೊಂದರಲ್ಲಿ ಕಾಣಿಸಿಕೊಂಡಿದ್ದ. ಚಿತ್ರ ತೆಗೆದವನು ಮುಂದೆ ಯುದ್ಧಭೂಮಿಯ ಛಾಯಾಗ್ರಾಹಕನೆಂದು ಹೆಸರಾದ ಡಾನ್ ಮೆಕಲಿನ್. ಬೋವಿಯೋ, ಇನ್ನೂ ಡೇವಿಡ್ ಜೋನ್ಸ್ ಆಗಿದ್ದಾಗ, 1964ರಲ್ಲಿ ಹದಿನೇಳರ ವಯಸ್ಸಿನಲ್ಲಿ, ಉದ್ದಗೂದಲಿನ ಗಂಡಸರ ಮೇಲಿನ ಕ್ರೌರ್ಯ ತಡೆಯುವ ಸಂಘವೊಂದರ ಪ್ರತಿನಿಧಿಯಾಗಿ ಬಿಬಿಸಿಯ ಟಿವಿ ಕಾರ್ಯಕ್ರಮದಲ್ಲಿ ಕುಳಿತು ಗಂಭೀರವಾಗಿ ಅಹವಾಲು ಹೇಳಿಕೊಂಡಿದ್ದ. ಹಾಡು ಗೆಲ್ಲುವುದಕ್ಕೆ ಇಬ್ಬರಿಗೂ ಅಲ್ಲಿಂದ ಹಲವು ವರ್ಷ ಬೇಕಾಯಿತು. ಸುದ್ದಿಯಾಗುವ ವಿದ್ಯೆ ಆಗಲೇ ಕೈವಶವಾಗಿತ್ತು.

ಸ್ಲೇಡ್ ತಂಡದವರಿಗೆ ಇಂಥ ನಯನಾಜೂಕು ಇರಲಿಲ್ಲ. ಇಂಗ್ಲೆಂಡಿನ ಮಧ್ಯಭಾಗದ ವುಲ್ವರ್‌ಹ್ಯಾಂಪ್ಟನ್ ಸುತ್ತಿನ ಕಾರ್ಖಾನೆಗಳ ಸೀಮೆಯಿಂದ ಬಂದ ನಾಲ್ವರನ್ನು, ಹಿಂದೆ ಜಿಮಿ ಹೆಂಡ್ರಿಕ್ಸ್‌ನ ವ್ಯವಹಾರ ನೋಡಿಕೊಂಡಿದ್ದ ಚಾಸ್ ಚಾಂಡ್ಲರ್ ಮೊದಲು ತಲೆ ಬೋಳಿಸಿ ಸ್ಕಿನ್‌ಹೆಡ್ ಹುಡುಗರಂತೆ ನಿಲ್ಲಿಸಿದ. ಅದು ನಡೆಯದಿದ್ದಾಗ ಕೂದಲು ಬಿಡಿಸಿ, ಕನ್ನಡಿ ಚೂರು ಅಂಟಿಸಿದ ಟೋಪಿ ತೊಟ್ಟ ನಾಡ್ಡಿ ಹೋಲ್ಡರ್‌ನ ಕಂಠವನ್ನು ಹರಿಯಬಿಟ್ಟರು. ಅವರ ಬಗ್ಗೆ ನನಗೆ ತುಂಬ ಇಷ್ಟವಾದ ಸಂಗತಿಯೆಂದರೆ ಹಾಡಿನ ಶೀರ್ಷಿಕೆಗಳಲ್ಲಿನ ಕಾಗುಣಿತದ ತಪ್ಪುಗಳು. 1971ರ ನವೆಂಬರ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದ ‘ಕಾಸ್ ಐ ಲವ್ ಯೂ’ ಎಂಬ ಹಾಡಿನಿಂದ ಹಿಡಿದು ಅವರು ಬೇಕೆಂದೇ ಶೀರ್ಷಿಕೆಯನ್ನು ಅಡ್ಡಾದಿಡ್ಡಿಯಾಗಿ, ತಮ್ಮ ಊರಿನ ನಾಲಗೆ ಉಚ್ಚರಿಸುವಂತೆ ಬರೆದರು. ಶಾಲೆಯ ಮೇಷ್ಟ್ರುಗಳು ಮಕ್ಕಳು ಕೆಡುತ್ತಾರೆಂದು ದೂರಿದರು. ಗಮನಿಸಬೇಕಾದದ್ದು, ಈ ಚೇಷ್ಟೆ ಕಿವಿಗೆ ಕೇಳುವಂಥದ್ದೇ ಅಲ್ಲ. ತಪ್ಪು ಕಾಗುಣಿತವನ್ನು ಹಾಡಲು ಬರುವುದಿಲ್ಲ. ಅದು ತಟ್ಟೆಯ ಲೇಬಲ್ಲಿನ ಮೇಲೆ, ಪತ್ರಿಕೆಯ ಪಟ್ಟಿಯಲ್ಲಿ, ಜಾಹೀರಾತಿನ ದಪ್ಪಕ್ಷರದಲ್ಲಿ ಮಾತ್ರ ಕಾಣುವ ನಗು. ಅಚ್ಚಿಗಾಗಿಯೇ ಮಾಡಿದ ತಮಾಷೆ. ನುಡಿದಂತೆ ಬರೆಯುವ ನಮ್ಮ ಲಿಪಿಯಲ್ಲಿ ಅದನ್ನು ತೋರಿಸುವುದಕ್ಕೂ ದಾರಿಯಿಲ್ಲ. ಇಂಗ್ಲಿಷಿನಲ್ಲಿ ಸರಿಯಾದ ‘ಕಮ್’ ಬೇರೆ, ಸ್ಲೇಡ್‌ನವರ ‘ಕಮ್’ ಬೇರೆ; ಕನ್ನಡದಲ್ಲಿ ಬರೆದ ಕೂಡಲೇ ಎರಡೂ ಸಂಭಾವಿತರಾಗಿ ಒಂದೇ ಆಗಿಬಿಡುತ್ತವೆ. ಆ ‘ಕಮ್’ನಿಂದ ಶುರುವಾಗುವ ಶೀರ್ಷಿಕೆಯ ‘ಕಮ್ ಆನ್ ಫೀಲ್ ದ ನಾಯ್ಸ್’ ಹಾಡು 1973ರಲ್ಲಿ ಬಿಡುಗಡೆಯಾದ ವಾರವೇ ನೇರವಾಗಿ ಮೊದಲ ಸ್ಥಾನಕ್ಕೆ ಹೋಯಿತು.

ಮೇಲು ಕೀಳಿನ ಲೆಕ್ಕ ಎಷ್ಟು ಪೊಳ್ಳಾಗಿತ್ತೆಂಬುದಕ್ಕೆ ಅದೇ ವರ್ಷದ ಜನವರಿ ಒಂದು ಸಾಕ್ಷಿ. ಬೋವಿಯ ‘ದ ಜೀನ್ ಜೀನಿ’ ಎರಡನೆಯ ಸ್ಥಾನ ತಲುಪಿತ್ತು. ಸ್ವೀಟ್ ತಂಡದ ‘ಬ್ಲಾಕ್ ಬಸ್ಟರ್’ ಆ ತಿಂಗಳ ಕೊನೆಗೆ ಮೊದಲ ಸ್ಥಾನಕ್ಕೇರಿ ಐದು ವಾರ ಅಲ್ಲಿಂದ ಕದಲಲಿಲ್ಲ. ಎರಡೂ ಆರ್‌ಸಿಎ ಎಂಬ ಒಂದೇ ಕಂಪನಿಯ ತಟ್ಟೆಗಳು. ಎರಡರ ಗಿಟಾರ್ ವರಸೆಯೂ ಹೆಚ್ಚುಕಡಿಮೆ ಒಂದೇ, ಅಮೆರಿಕದ ಹಳೆಯ ಬ್ಲೂಸ್ ಸಂಗೀತದಿಂದ ಬಳುವಳಿಯಾಗಿ ಬಂದದ್ದು. ಆದರೆ ಬೋವಿಯದು ಕಲೆ ಎನಿಸಿಕೊಂಡಿತು. ಸ್ವೀಟ್‌ನ ಹಾಡು ನಿಕಿ ಚಿನ್ ಮತ್ತು ಮೈಕ್ ಚಾಪ್ಮನ್ ಎಂಬ ಇಬ್ಬರು ಗೀತರಚನೆಕಾರರು ಹೊಲಿದುಕೊಟ್ಟದ್ದು. ತಂಡದ ಮೊದಮೊದಲ ತಟ್ಟೆಗಳಲ್ಲಿ ವಾದ್ಯ ನುಡಿಸಿದವರೂ ಬಾಡಿಗೆಯವರು ಎಂಬುದು ಎಲ್ಲರಿಗೂ ತಿಳಿದಿದ್ದರಿಂದ ಅದು ಮಿಠಾಯಿ ಅಂಗಡಿಯ ಸರಕಾಯಿತು. ಹಾಸ್ಟೆಲಿನ ಆ ಕ್ಯಾಸೆಟ್ಟಿನಲ್ಲಿ ಎರಡೂ ಅಕ್ಕಪಕ್ಕದಲ್ಲಿದ್ದವು. ನಮಗೆ ಹೆಚ್ಚು ಹಿಡಿಸಿದ್ದು ಸ್ವೀಟ್‌ನದೇ, ಅದರ ಆರಂಭದ ಪೊಲೀಸ್ ಸೈರನ್ನಿನ ಕಾರಣದಿಂದ. ಈಗಲೂ ನಾನು ಆ ಅಭಿಪ್ರಾಯದಿಂದ ಪೂರ್ತಿ ಹಿಂದೆ ಸರಿದಿಲ್ಲ.

ಬೋವಿಯದು ಕಲೆಯೆಂದು ಪತ್ರಿಕೆಗಳು ಒಪ್ಪಿದ್ದರ ಹಿಂದೆ ಒಂದು ಸಂದರ್ಶನವಿದೆ. 1971ರ ಡಿಸೆಂಬರ್‌ನಲ್ಲಿ ಬಂದ ಅವನ ‘ಹಂಕಿ ಡೋರಿ’ ಎಲ್‌ಪಿ ಆಗ ಅಷ್ಟೇನೂ ಮಾರಾಟವಾಗಿರಲಿಲ್ಲ. 1972ರ ಜನವರಿ 22ರ ಮೆಲೋಡಿ ಮೇಕರ್‌ನಲ್ಲಿ ಮೈಕಲ್ ವಾಟ್ಸ್ ಬರೆದ ಲೇಖನದಲ್ಲಿ ಅವನು, ತಾನು ಸಲಿಂಗಿ, ಡೇವಿಡ್ ಜೋನ್ಸ್ ಆಗಿದ್ದಾಗಲೂ ಹಾಗೇ ಇದ್ದೆ ಎಂದು ಹೇಳಿದ. ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ಸಂಬಂಧ ಅಪರಾಧವಲ್ಲವೆಂದು, ಅದೂ ಇಪ್ಪತ್ತೊಂದು ದಾಟಿದವರಿಗೆ ಮಾತ್ರ, ಕಾನೂನು ಒಪ್ಪಿದ್ದು 1967ರಲ್ಲಿ. ಇದನ್ನು ಹೇಳುತ್ತಿದ್ದವನಿಗೆ ಹೆಂಡತಿಯಿದ್ದಳು, ವರ್ಷ ತುಂಬದ ಮಗುವಿತ್ತು. ಆ ಲೇಖನದ ಹೆಚ್ಚುಗಾರಿಕೆ ಆ ಒಂದು ಮಾತಿನಲ್ಲಷ್ಟೇ ಇಲ್ಲ. ಬೋವಿ ಅದನ್ನು ಹೇಳುವಾಗ ತುಟಿಯಂಚಿನಲ್ಲಿ ಕಳ್ಳನಗೆಯೊಂದಿತ್ತು ಎಂಬುದನ್ನು ವಾಟ್ಸ್ ಗಮನಿಸಿ ಬರೆದ. ಒಬ್ಬನು ಮಾತಾಡುತ್ತಲೇ ಅಭಿನಯಿಸುತ್ತಿದ್ದಾನೆ, ಇನ್ನೊಬ್ಬನು ಬರೆದುಕೊಳ್ಳುತ್ತಲೇ ಅಭಿನಯವನ್ನು ನೋಡುತ್ತಿದ್ದಾನೆ. ಇಬ್ಬರಿಗೂ ಪರಸ್ಪರರ ಆಟ ಗೊತ್ತಿದೆ. ಝಿಗಿ ಸ್ಟಾರ್‌ಡಸ್ಟ್ ಎಂಬ ಪಾತ್ರದ ಎಲ್‌ಪಿ ಬಂದದ್ದು ಜೂನ್‌ನಲ್ಲಿ. ಆ ಪಾತ್ರದ ಮೊದಲ ಪ್ರವೇಶ ಮಾತ್ರ ಐದು ತಿಂಗಳ ಮೊದಲೇ ಪತ್ರಿಕೆಯ ಪುಟದಲ್ಲಿ ಆಗಿತ್ತೆಂದು ನಾನು ತಿಳಿದಿದ್ದೇನೆ. ಜುಲೈ 6ರಂದು ಅವನು ನೀಲಿ ಗಿಟಾರ್ ಹಿಡಿದು ಟಾಪ್ ಆಫ್ ದ ಪಾಪ್ಸ್‌ನಲ್ಲಿ ‘ಸ್ಟಾರ್‌ಮನ್’ ಹಾಡಿದಾಗ, ತನ್ನ ತಂಡದ ಗಿಟಾರ್ ವಾದಕ ಮಿಕ್ ರಾನ್ಸನ್‌ನ ಹೆಗಲ ಮೇಲೆ ಕೈ ಹಾಕಿದಾಗ, ಕ್ಯಾಮೆರಾದತ್ತ ಬೆರಳು ತೋರಿಸಿದಾಗ, ಬಹುಪಾಲು ಮನೆಗಳಲ್ಲಿದ್ದದ್ದು ಕಪ್ಪು-ಬಿಳುಪಿನ ಟಿವಿ. ಆ ಕಿತ್ತಳೆ ಕೂದಲನ್ನು ಲಕ್ಷಾಂತರ ಮಕ್ಕಳು ಬೂದು ಬಣ್ಣದಲ್ಲೇ ನೋಡಿದರು. ಮರುವರ್ಷ ಜುಲೈ 3ರಂದು ಹ್ಯಾಮರ್‌ಸ್ಮಿತ್ ಓಡಿಯನ್‌ನ ವೇದಿಕೆಯ ಮೇಲೆ ಅವನು ಆ ವೇಷವನ್ನು ಕಳಚಿಟ್ಟ. ಇದು ನಮ್ಮ ಕೊನೆಯ ಕಾರ್ಯಕ್ರಮ ಎಂದು ಘೋಷಿಸಿದಾಗ, ತಂಡದ ಕೆಲವರಿಗೇ ಅದು ಹೊಸ ಸುದ್ದಿಯಾಗಿತ್ತು.

ಇತ್ತ ಪತ್ರಿಕೆಗಳೂ ವೇಷ ಬದಲಿಸುತ್ತಿದ್ದವು. 1972ರ ಹೊತ್ತಿಗೆ ಎನ್‌ಎಂಇ ಮುಚ್ಚುವ ಸ್ಥಿತಿಗೆ ಬಂದಿತ್ತು; ಸಂಪಾದಕ ಅಲನ್ ಸ್ಮಿತ್‌ಗೆ ಮಾಲೀಕರು ಗಡುವು ಕೊಟ್ಟಿದ್ದರು. ಅವನೂ ಅವನ ಸಹಾಯಕ ನಿಕ್ ಲೋಗನ್ನನೂ ಆಗ ಬಾಗಿಲು ಮುಚ್ಚುತ್ತಿದ್ದ, ವ್ಯವಸ್ಥೆಗೆ ಎದುರು ನಿಂತ ‘ಭೂಗತ’ ಪತ್ರಿಕೆಗಳ ಹುಡುಗರನ್ನು ಕರೆತಂದರು: ವಿದ್ಯಾರ್ಥಿಯಾಗಿದ್ದಾಗ ‘ಓಝ್’ ಪತ್ರಿಕೆಯ, ಶಾಲಾ ಮಕ್ಕಳೇ ಸೇರಿ ರೂಪಿಸಿ ಅಶ್ಲೀಲತೆಯ ಮೊಕದ್ದಮೆಗೆ ಗುರಿಯಾದ ಸಂಚಿಕೆಗೆ ಬರೆದಿದ್ದ ಚಾರ್ಲ್ಸ್ ಶಾರ್ ಮರ್ರಿ, ‘ಫ್ರೆಂಡ್ಸ್’ ಪತ್ರಿಕೆಯಿಂದ ಬಂದ ನಿಕ್ ಕೆಂಟ್. ಇವರು ತಾವೇ ಕಣ್ಣಿಗೆ ಕಾಡಿಗೆ, ಕಾಲಿಗೆ ತೊಗಲ ಚಲ್ಲಣ ಹಾಕಿಕೊಂಡು ಕಾರ್ಯಕ್ರಮಗಳಿಗೆ ಹೋಗುವವರು. ಗದ್ಯಕ್ಕೂ ಅದೇ ಠೀವಿ ಬಂತು; ಲೇಖಕನ ಹೆಸರು ನೋಡಿ ಪತ್ರಿಕೆ ಕೊಳ್ಳುವ ಕಾಲ ಬಂತು. 1973ರ ಆರಂಭದಲ್ಲಿ ಆಲಿಸ್ ಕೂಪರ್‌ನ ಹಾಡೊಂದಿರುವ, ಕಾಗದದಷ್ಟೇ ತೆಳ್ಳಗಿನ ಬಾಗುವ ತಟ್ಟೆಯನ್ನು ಎನ್‌ಎಂಇ ಓದುಗರಿಗೆ ಪುಕ್ಕಟೆ ಹಂಚಿತು. ಅಮೆರಿಕದ ಕಡೆ, ಡೆಟ್ರಾಯಿಟ್‌ನ ‘ಕ್ರೀಮ್’ ಪತ್ರಿಕೆಯ ಓದುಗರು ‘ನ್ಯೂಯಾರ್ಕ್ ಡಾಲ್ಸ್’ ತಂಡವನ್ನು ಆ ವರ್ಷದ ಅತ್ಯುತ್ತಮ ಹೊಸ ತಂಡವೆಂದೂ ಅತಿ ಕೆಟ್ಟ ಹೊಸ ತಂಡವೆಂದೂ ಒಟ್ಟಿಗೇ ಆರಿಸಿದರು. ಅದಕ್ಕಿಂತ ನ್ಯಾಯವಾದ ತೀರ್ಪು ಈ ಇಡೀ ಅವಧಿಯಲ್ಲಿ ನನಗೆ ಸಿಕ್ಕಿಲ್ಲ.

ಹೊಸ ಲೇಖಕರು ಬಂದರೆಂದು ಕಣ್ಣು ತಪ್ಪುವುದು ನಿಲ್ಲಲಿಲ್ಲ. ಝಾಂಜಿಬಾರ್‌ನಲ್ಲಿ ಪಾರ್ಸಿ ಮನೆತನದಲ್ಲಿ ಹುಟ್ಟಿ, ನಮ್ಮ ನೆರೆಯ ಪಂಚಗಣಿಯ ಶಾಲೆಯಲ್ಲಿ ಓದಿ ಬಂದ ಫ್ರೆಡಿ ಮರ್ಕ್ಯುರಿಯ ‘ಕ್ವೀನ್’ ತಂಡವನ್ನು 1973ರಲ್ಲಿ ಎನ್‌ಎಂಇಯ ಇದೇ ಹೊಸಬರು, ತಡವಾಗಿ ಬಂದ ಗ್ಲಾಮ್ ಎಂದು ತುಚ್ಛವಾಗಿ ಕಂಡರು. ಕ್ವೀನ್‌ನ ಮೊದಲ ಸಿಂಗಲ್ ಪಟ್ಟಿಯನ್ನೇ ಮುಟ್ಟಲಿಲ್ಲ. 1974ರ ಫೆಬ್ರುವರಿಯಲ್ಲಿ ಬೋವಿಯ ಚಿತ್ರತುಣುಕು ಟಾಪ್ ಆಫ್ ದ ಪಾಪ್ಸ್‌ಗೆ ಸಿಗದೆಹೋದ್ದರಿಂದ ತೆರವಾದ ಜಾಗ ಅವರಿಗೆ ದಕ್ಕಿತು, ಮುಂದಿನದನ್ನು ಹೇಳಬೇಕಾಗಿಲ್ಲ.

ಈ ಪುಟಗಳಲ್ಲಿ ನನಗೆ ನಿರಾಳವಾಗಿ ಓದಲಾಗದ ಹೆಸರೂ ಒಂದಿದೆ. ಬೆಳ್ಳಿಯ ಬಟ್ಟೆಯ ಗಾಯಕ ಗ್ಯಾರಿ ಗ್ಲಿಟರ್‌ನನ್ನು ಎಲ್ಲರೂ ಮೋಜಿನ ವಿದೂಷಕನೆಂದು ಬರೆದರು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ ಲಂಡನ್ನಿನ ನ್ಯಾಯಾಲಯ 2015ರಲ್ಲಿ ಅವನಿಗೆ 16 ವರ್ಷಗಳ ಸೆರೆ ವಿಧಿಸಿತು. ಆ ಅಪರಾಧಗಳಲ್ಲಿ ಕೆಲವು ಇದೇ ದಶಕದವು. ಕಿರುಚುವ ಹುಡುಗಿಯರ ಬಗ್ಗೆ ಅಷ್ಟೊಂದು ಹಾಸ್ಯ ಬರೆದ ಪತ್ರಿಕೆಗಳಿಗೆ ಆ ಹುಡುಗಿಯರ ಕ್ಷೇಮದ ಪ್ರಶ್ನೆ ಹೊಳೆದಂತೆ ಕಾಣುವುದಿಲ್ಲ.

1974ಕ್ಕೆ ಬರುವಷ್ಟರಲ್ಲಿ ಮಿನುಗು ಮಾಸಿತ್ತು. ತೈಲದ ಬಿಕ್ಕಟ್ಟಿನಿಂದ ತಟ್ಟೆ ತಯಾರಿಸುವ ವಿನೈಲಿಗೆ ಕೊರತೆ ಬಿತ್ತು, ಕಲ್ಲಿದ್ದಲ ಉಳಿತಾಯಕ್ಕೆಂದು ದೇಶ ವಾರಕ್ಕೆ ಮೂರೇ ದಿನ ದುಡಿಯಿತು. ಬೋವಿ ಅಮೆರಿಕಕ್ಕೆ ಹೋಗಿ ಬೇರೆ ವೇಷ ಕಟ್ಟಿದ, ಬೋಲನ್‌ನ ಹಾಡುಗಳು ಪಟ್ಟಿಯ ಕೆಳಗೆ ಕೆಳಗೆ ಸರಿದವು. ಪಂಕ್ ಎಂಬ ಹೊಸ ಒರಟು ಸಂಗೀತ ಬಂದಾಗ ತನ್ನ ಓರಗೆಯ ಎಷ್ಟೋ ಜನ ಮುಖ ತಿರುಗಿಸಿದರೂ ಬೋಲನ್ ಮಾತ್ರ ‘ದ ಡ್ಯಾಮ್ಡ್’ ತಂಡವನ್ನು 1977ರಲ್ಲಿ ತನ್ನೊಡನೆ ಊರೂರಿಗೆ ಕರೆದುಕೊಂಡು ಹೋದ. ಆ ವರ್ಷ ಗ್ರಾನಡಾ ಟಿವಿಯಲ್ಲಿ ಶಾಲೆ ಬಿಟ್ಟ ಮಕ್ಕಳಿಗಾಗಿ ‘ಮಾರ್ಕ್’ ಎಂಬ ಕಾರ್ಯಕ್ರಮವನ್ನು ಅವನೇ ನಡೆಸಿಕೊಡುತ್ತಿದ್ದ. ಸೆಪ್ಟೆಂಬರ್ 7ರಂದು ಕೊನೆಯ ಕಂತು ಮ್ಯಾಂಚೆಸ್ಟರಿನಲ್ಲಿ ಚಿತ್ರಿತವಾಯಿತು, ಅತಿಥಿ ಡೇವಿಡ್ ಬೋವಿ. ಒಂಬತ್ತು ದಿನಗಳ ಮೇಲೆ ಲಂಡನ್ನಿನ ಬಾರ್ನ್ಸ್‌ನಲ್ಲಿ ಕಾರು ಮರಕ್ಕೆ ಬಡಿದು ಬೋಲನ್ ತೀರಿಕೊಂಡ. ಕಂತು ಪ್ರಸಾರವಾದದ್ದು ಸೆಪ್ಟೆಂಬರ್ 28ರಂದು, ಅವನಿಗೆ ಮೂವತ್ತು ತುಂಬಬೇಕಾಗಿದ್ದ ದಿನಕ್ಕೆ ಎರಡು ದಿನ ಮೊದಲು. ಕೊನೆಯಲ್ಲಿ ಇಬ್ಬರೂ ಗಿಟಾರ್ ಹಿಡಿದು ಜೊತೆಯಾಗಿ ಒಂದು ಹಾಡು ಎತ್ತಿಕೊಳ್ಳುತ್ತಾರೆ. ಹಾಡು ಕುದುರುವ ಮೊದಲೇ ಬೋಲನ್ ಮುಗ್ಗರಿಸಿ ವೇದಿಕೆಯಿಂದ ಕೆಳಗೆ ಜಾರುತ್ತಾನೆ, ಬೋವಿ ನಗುತ್ತಾನೆ. ಇನ್ನೊಮ್ಮೆ ಚಿತ್ರಿಸಲು ಸ್ಟುಡಿಯೊದಲ್ಲಿ ಹೊತ್ತು ಉಳಿದಿರಲಿಲ್ಲವಾದ್ದರಿಂದ ಅದನ್ನು ಇದ್ದ ಹಾಗೆಯೇ ಪ್ರಸಾರ ಮಾಡಿದರು.